ಹಳೇ ಲ್ಯಾಪ್‌ಟಾಪುಗಳ ಸಹವಾಸ

ಹಳೇ ಲ್ಯಾಪ್‌ಟಾಪು ಸಾಕಿಕೊಂಡವನಿಗೆ ನಗೆಪಾಟಲು ಹುಡುಕಿಕೊಂಡೇ ಬರುತ್ತದೆ. ಕಾರವಾರ, ಅಂಕೋಲಾ ಸೇರಿ ಇಂಥವರು ನಾವು ಮೂರು ಜನ: ಬ್ಯಾಂಕಿನ ನಾನು, ಅಂಕೋಲೆಯ ಗಣಿತದ ಮಾಸ್ತರು, ದೇವಬಾಗದ ಎಲೆಕ್ಟ್ರಿಶಿಯನ್. ಹೊಸದು ಕೊಳ್ಳಲಾಗದೆ ಅಲ್ಲ. ಎಲ್ಲರೂ ಗುಜರಿಗೆ ಹಾಕಿದ ಯಂತ್ರ ನಮ್ಮ ಮನೆಯಲ್ಲಿ ಇವತ್ತೂ ಪತ್ರ ಬರೆಯುತ್ತದಲ್ಲ, ಆ ಖುಷಿ.

೧

ಮಾಸ್ತರ ಯಂತ್ರ ಸೂಟ್‌ಕೇಸಿನಷ್ಟು ದೊಡ್ಡದು. ಅದರ ಮುಚ್ಚಳವೇ ಕೀಬೋರ್ಡು. ಒಮ್ಮೆ ರಿಪೇರಿಗೆಂದು ಅದನ್ನು ಬಸ್ಸಿನಲ್ಲಿ ಕಾರವಾರಕ್ಕೆ ತಂದರು. ಹತ್ತಿಸುವಾಗಲೇ ಬೆವರಿ ಹೋಗಿದ್ದರು. ಪಕ್ಕದಲ್ಲಿ ಕೂತಿದ್ದ ಮೀನು ಮಾರುವ ಹೆಂಗಸು ಕೇಳಿದಳು:

"ಹೊಲಿಗೆ ಮಶೀನಾ ಮಾಸ್ತರೆ?"

"ಅಲ್ಲ ಬಾಯಿ, ಕಂಪ್ಯೂಟರು. ಕೈಯಲ್ಲಿ ಹಿಡ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು."

ಇಳಿಯುವಾಗ ಮಾಸ್ತರು ಎತ್ತಲಾರದೆ ಒದ್ದಾಡುವುದನ್ನು ನೋಡಿ ಅವಳೇ ಒಂದು ಕೈ ಕೊಟ್ಟಳು. ಕೆಳಗಿಟ್ಟು ಸೊಂಟ ಹಿಡಿದುಕೊಂಡು ಅಂದಳು: "ಹಂಗಂತ ನಿಮಗೆ ಮಾರಿದವ ಹೇಳಿದ್ನಾ?"

೨

ನಮ್ಮ ಸಮುದ್ರದ ಗಾಳಿಗೆ ಕಬ್ಬಿಣ ಉಳಿಯುವುದಿಲ್ಲ, ಇನ್ನು ಕಂಪ್ಯೂಟರ್ ಎಲ್ಲಿ? ತೇವ ಹೀರಲಿ ಎಂದು ಮಳೆಗಾಲದಲ್ಲಿ ನನ್ನ ಲ್ಯಾಪ್‌ಟಾಪನ್ನು ಕುಚ್ಚಲಕ್ಕಿಯ ಡ್ರಮ್ಮಿನಲ್ಲಿ ಹೂತಿಟ್ಟೆ. ಆಮೇಲೆ ತೆಗೆದು ನೋಡಿದರೆ ಎಂಟರ್ ಕೀಲಿ ಇಲ್ಲ. ಡ್ರಮ್ಮು ಬರಿದು ಮಾಡಿ ಹುಡುಕಿದರೂ ಸಿಗಲಿಲ್ಲ. ಇಂಥ ಕೀಲಿ ಈಗ ಯಾರೂ ಮಾಡುವುದಿಲ್ಲ. ಮಂಕಾಗಿ ಊಟಕ್ಕೆ ಕೂತೆ. ಗಂಜಿಯಲ್ಲಿ ಹಲ್ಲಿಗೆ ಏನೋ ತಾಗಿತು.

ಹೆಂಡತಿ ಅದನ್ನು ತೊಳೆದು ತಟ್ಟೆಯ ಅಂಚಿಗಿಟ್ಟಳು. "ಅಕ್ಕಿ ಬೆಂದ್ರೂ ಇದು ಬೇಯ್ಲಿಲ್ಲ ನೋಡಿ. ಹಳೇ ಮಾಲು ಗಟ್ಟಿ ಅಂತ ನೀವು ಹೇಳುದು ಖರೆ."

೩

ದೇವಬಾಗದಲ್ಲಿ ಒಂದು ದಿನ ಬೆಳಗಿನಿಂದ ಕರೆಂಟಿಲ್ಲ. ಊರವರ ಪರವಾಗಿ, ಕರೆಂಟು ಸರಿಯಾಗಿ ಕೊಡಿ ಎಂಬ ಅರ್ಜಿಯನ್ನು ಎಲೆಕ್ಟ್ರಿಶಿಯನ್ ಅವತ್ತೇ ಬರೆಯಬೇಕಿತ್ತು. ಅವನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಬಹಳ ಕಾಲವಾಗಿದೆ. ದಡದಲ್ಲಿದ್ದ ಭಾವನ ದೋಣಿಯ ಬ್ಯಾಟರಿಯಿಂದ ವೈರು ಎಳೆದು ಟೈಪ್ ಮಾಡುತ್ತ ಕೂತ.

ಅಷ್ಟರಲ್ಲಿ ಬಂಗಡೆ ಮೀನು ಬಂದಿದೆಯೆಂದು ಸುದ್ದಿಯಾಯಿತು. ಉಳಿದ ದೋಣಿಗಳೆಲ್ಲ ಹೊರಟವು. ಭಾವ ಎಷ್ಟು ಸಲ ಸ್ಟಾರ್ಟ್ ಒತ್ತಿದರೂ ಎಂಜಿನ್ ಕೆಮ್ಮಲೂ ಇಲ್ಲ. ಕೊನೆಗೆ ವೈರು ಹಿಡಿದುಕೊಂಡೇ ಬಂದು ಇವನೆದುರು ನಿಂತ.

"ಅರ್ಜಿ ಮುಗೀತಾ?"

"ಮುಗೀತು ಭಾವ."

"ಕೆಳಗೆ ಇನ್ನೊಂದು ಸಾಲು ಸೇರ್ಸು. ದೋಣಿಗೂ ಕೊಡಿ ಅಂತ."

೪

ಚುನಾವಣೆ ಸಮಯ. ನಾನೂ ಮಾಸ್ತರೂ ಅದೇ ಸೂಟ್‌ಕೇಸ್ ಯಂತ್ರವನ್ನು ಕಾರಿನಲ್ಲಿಟ್ಟುಕೊಂಡು ಅಂಕೋಲೆಗೆ ಹೊರಟಿದ್ದೆವು. ಚೆಂಡಿಯಾ ದಾಟಿದ ಮೇಲೆ ತಪಾಸಣೆಯವರು ತಡೆದರು. ಚುನಾವಣೆಯಲ್ಲಿ ಸೂಟ್‌ಕೇಸ್ ಕಂಡರೆ ಯಾರು ಬಿಡುತ್ತಾರೆ?

"ಕಂಪ್ಯೂಟರು," ಅಂದರು ಮಾಸ್ತರು.

"ಹಂಗಾದ್ರೆ ಚಾಲೂ ಮಾಡಿ ತೋರ್ಸಿ," ಅಂದ ಅವರಲ್ಲೊಬ್ಬ.

ಯಂತ್ರವನ್ನು ಎದುರಿನ ಚಹಾದಂಗಡಿಗೆ ಹೊತ್ತೊಯ್ದೆವು. ಅಲ್ಲಿ ಪ್ಲಗ್ಗು ಸಿಕ್ಕಿತು. ಅದು ಗರಗರ ಎಂದು ಎಚ್ಚರಾಗುವಷ್ಟರಲ್ಲಿ ಎಲ್ಲರದ್ದೂ ಚಹಾ ಮುಗಿದಿತ್ತು. ಹಸಿರು ಅಕ್ಷರ ಮೂಡಿದರೂ ಅವನಿಗೆ ನಂಬಿಕೆಯಿಲ್ಲ. "ಏನಾದ್ರೂ ಕೆಲ್ಸ ಮಾಡಿ ತೋರ್ಸಿ."

ಮಾಸ್ತರು ಹಾವಿನ ಆಟ ಹಾಕಿದರು. ಅವನು ಸ್ಟೂಲು ಎಳೆದುಕೊಂಡ. ಅವನ ಜೊತೆಯವರೂ ಒಬ್ಬೊಬ್ಬರಾಗಿ ಬಂದು ಬೆನ್ನ ಹಿಂದೆ ನಿಂತರು. ರಸ್ತೆಯಲ್ಲಿ ಗಾಡಿಗಳ ಸಾಲು ಬೆಳೆಯಿತು. ಅಷ್ಟರಲ್ಲಿ ಜೀಪಿನಲ್ಲಿ ಸಾಹೇಬರು ಬಂದರು.

"ಎಂತ ನಡೀತಿದೆ ಇಲ್ಲಿ?"

ಅವನು ದಡಕ್ಕನೆ ಎದ್ದು ನಿಂತ. ಬೆರಳು ಮಾತ್ರ ಕೀಲಿಯ ಮೇಲೇ ಇತ್ತು. "ತಪಾಸಣೆ ಸರ್. ಮೂರನೇ ಲೆವೆಲ್ಲಿಗೆ ಬಂದಿದೆ."

ಸಾಹೇಬರು ನಮ್ಮನ್ನು ನೋಡಿದರು, ಗಾಡಿಗಳ ಸಾಲನ್ನು ನೋಡಿದರು, ಆಮೇಲೆ ಪರದೆಗೆ ಬಗ್ಗಿದರು.

"ಗೋಡೆಗೆ ಹೊಡೀತದೆ ಅದು," ಅಂದರು. "ಎಡಕ್ಕೆ ತಿರುಗ್ಸು."