ಅರ್ಧ ಕರೆಂಟಿನ ಕಾರು, ಪೂರ್ತಿ ಶುಲ್ಕ

ನಾನು ಏನಾದರೂ ಕೊಂಡರೆ ಸಾಕು, ಮರುವಾರವೇ ಅದರ ಮೇಲೊಂದು ನಿಯಮ ಹುಟ್ಟುತ್ತದೆ. ಸ್ವೀಡನ್ನಿನ ಸೋಲ್ನಾದ ನಮ್ಮ ಅಪಾರ್ಟ್‌ಮೆಂಟಿಗೆ ಹೈಬ್ರಿಡ್ ಕಾರು ತಂದಾಗಲೂ ಅದೇ ಆಯಿತು. ನಿವಾಸಿಗಳ ಸಂಘ ನೋಟಿಸ್ ಅಂಟಿಸಿತು: ಗ್ಯಾರೇಜಿನಲ್ಲಿ ನಿಲ್ಲುವ ಎಲೆಕ್ಟ್ರಿಕ್, ಹೈಬ್ರಿಡ್ ವಾಹನಗಳಿಗೆ ಪ್ರತಿವರ್ಷ ಹೆಚ್ಚುವರಿ ನೋಂದಣಿ ಶುಲ್ಕ.

ಯಾವ ಅರ್ಧ?

ಸಂಘದ ಖಜಾಂಚಿ ನಿವೃತ್ತ ಗಣಿತ ಮೇಷ್ಟ್ರು. ಸ್ವೀಡನ್ನಿನವರೇ, ನಗುವುದು ಕಡಿಮೆ. ಮೀಟಿಂಗಿನಲ್ಲಿ ನಾನು ಎದ್ದು ನಿಂತೆ.

"ನನ್ನದು ಅರ್ಧ ಪೆಟ್ರೋಲು, ಅರ್ಧ ಕರೆಂಟು. ಶುಲ್ಕವೂ ಅರ್ಧವೇ ಇರಬೇಕಲ್ಲವೇ?"

ಅವರು ಕನ್ನಡಕ ಒರೆಸಿಕೊಂಡು ಕೇಳಿದರು: "ಕಾರಿನ ಯಾವ ಅರ್ಧವನ್ನು ಗ್ಯಾರೇಜಿನ ಹೊರಗೆ ನಿಲ್ಲಿಸುತ್ತೀರಿ?"

ಹೆಂಡತಿ ನನ್ನ ಕೋಟು ಹಿಡಿದೆಳೆದಳು. "ಕೂತ್ಕೊಳ್ರೀ. ಇನ್ನೊಂದ್ ಮಾತಾಡಿದ್ರೆ ಎರಡು ಇಂಜಿನ್ನಿಗೂ ಬೇರೆ ಬೇರೆ ಹಾಕ್ತಾರೆ."

ಅಜ್ಜಿಯ ಹಕ್ಕು

ಮೂರನೇ ಮಹಡಿಯ ಅಜ್ಜಿಯ ಹತ್ತಿರ ಅಂಗಡಿಗೆ ಹೋಗಿಬರಲು ಬ್ಯಾಟರಿಯ ಪುಟ್ಟ ಮೂರು ಚಕ್ರದ ಗಾಡಿಯಿದೆ. ಸಂಘದ ಫಾರಂನಲ್ಲಿ "ವಾಹನ: ವಿದ್ಯುತ್" ಎಂದು ಪ್ರಾಮಾಣಿಕವಾಗಿ ಬರೆದರು. ಬಿಲ್ ಬಂತು. ನಮಗೆಲ್ಲ ಮೈ ಉರಿಯಿತು.

"ಜಗಳ ಬೇಡ, ಕಟ್ಟಿಬಿಟ್ಟೆ" ಎಂದರು ಅಜ್ಜಿ.

ಮರುದಿನ ಲಿಫ್ಟಿನ ಪಕ್ಕದ ಅತಿ ಅಗಲದ ಚಾರ್ಜಿಂಗ್ ಜಾಗದ ನಟ್ಟನಡುವೆ ಆ ಗಾಡಿ ನಿಂತಿತ್ತು. ಖಜಾಂಚಿ ಓಡಿಬಂದರು. "ಇದು ಕಾರಿನ ಜಾಗ!"

ಅಜ್ಜಿ ರಸೀದಿ ತೋರಿಸಿದರು.

"ಆದರೂ ಇಷ್ಟು ಜಾಗ ಖಾಲಿ ಉಳಿದಿದೆಯಲ್ಲ?"

"ಉಳಿಯುವುದಿಲ್ಲ. ಎರಡು ಕುರ್ಚಿ ಬರುತ್ತಿವೆ. ನಾಳೆ ಮೂರಕ್ಕೆ ಫಿಕಾ, ನೀವೂ ಬನ್ನಿ. ಕಾಫಿ ನನ್ನದು, ಬನ್ನು ನೀವೇ ತರಬೇಕು."

ಮಗಳ ಭಾಷೆ

ನಾನು ಕೊನೆಯ ಅಸ್ತ್ರ ಬಿಟ್ಟೆ. "ನಾನು ಕಾರನ್ನು ಚಾರ್ಜ್ ಮಾಡುವುದೇ ಇಲ್ಲ. ಬರೀ ಪೆಟ್ರೋಲಲ್ಲೇ ಓಡಿಸುತ್ತೇನೆ" ಎಂದು ಪತ್ರ ಬರೆದೆ. ಖಜಾಂಚಿ ವಿಚಾರಣೆಗೆ ಮನೆಗೇ ಬಂದರು. ಮುಖ ಆದಷ್ಟು ಮುಗ್ಧವಾಗಿ ಇಟ್ಟುಕೊಂಡೆ.

ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗುವ ನನ್ನ ಐದು ವರ್ಷದ ಮಗಳು ಅಚ್ಚ ಸ್ವೀಡಿಷ್‌ನಲ್ಲಿ ಹೇಳಿದಳು: "ಅಪ್ಪ ಕಿಸ್ಟಾದಲ್ಲಿ ಆಫೀಸಿನ ಹತ್ತಿರ ದಿನಾ ಚಾರ್ಜ್ ಮಾಡ್ತಾನೆ. ಅಲ್ಲಿ ಪುಕ್ಕಟೆ."

ಖಜಾಂಚಿ ಮೊದಲ ಸಲ ನಕ್ಕರು. "ನಿಮ್ಮದಕ್ಕಿಂತ ಇವಳ ಸ್ವೀಡಿಷ್ ಬಹಳ ಸ್ಪಷ್ಟವಾಗಿದೆ."

ಮೇಲ್ಮನವಿ

ಕಳೆದ ಚಳಿಗಾಲ ಖಜಾಂಚಿ ಹಳೇ ಡೀಸೆಲ್ ಕಾರು ಮಾರಿ ಹೊಸದು ತಂದರು. "ಶುದ್ಧ ಪೆಟ್ರೋಲು" ಎಂದು ಎದೆಯುಬ್ಬಿಸಿ ಹೇಳಿದರು. ಒಂದು ಬೆಳಿಗ್ಗೆ ಗ್ಯಾರೇಜಿನಲ್ಲಿ ಅದರ ಹಿಂಬದಿಯ ಹಿಮ ಕರಗಿತ್ತು. ಮೂಲೆಯಲ್ಲಿ ಸಣ್ಣ ಅಕ್ಷರ: ಹೈಬ್ರಿಡ್. ಸಂತೋಷ ತಡೆಯಲಾಗದೆ ಕರೆದು ತೋರಿಸಿದೆ. ಅವರು ಬಗ್ಗಿ ಎರಡು ಸಲ ಓದಿ ಹೊರಟುಹೋದರು.

ತಿಂಗಳ ನಂತರ ಕಟ್ಟಡದವರೆಲ್ಲ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕರು. ಮುಖ ಬಾಡಿತ್ತು.

"ಶುಲ್ಕ ಕಟ್ಟಿದಿರಾ?" ಎಂದು ಕೇಳಿದೆ.

"ತಡವಾಯಿತು. ನೋಟಿಸ್ ಕಳಿಸಬೇಕಾಯಿತು, ದಂಡದ ಸಮೇತ."

"ಯಾರಿಗೆ?"

"ನನಗೆ. ಮೇಲ್ಮನವಿಯನ್ನೂ ಕೊಟ್ಟಿದ್ದೆ."

"ಏನಾಯ್ತು?"

"ನಾನೇ ತಿರಸ್ಕರಿಸಿದೆ" ಎಂದು ನಿಟ್ಟುಸಿರು ಬಿಟ್ಟರು. "ಅರ್ಜಿದಾರ ಕೊಟ್ಟ ಕಾರಣಗಳು ನಂಬುವ ಹಾಗಿರಲಿಲ್ಲ."