ಮಾವನ ಖಾಲಿ ಚೌಕಗಳು

ನನ್ನ ಸೋದರಮಾವ ಮನುಷ್ಯರ ಮುಖ ನೋಡಿ ಮಾತಾಡಿದ್ದನ್ನು ಕಂಡವರು ನಮ್ಮ ಇಡೀ ಕೊಲ್ಲಮೊಗ್ರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಅವರು ನೋಡುತ್ತಿದ್ದದ್ದು ಗೋಡೆಯನ್ನು! ಯಾರ ಮನೆಗೆ ಹೋದರೂ ಬಾಗಿಲ ಪಕ್ಕದ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಆಮೇಲೆ "ಸೌಖ್ಯವಾ?" ಎನ್ನುತ್ತಿದ್ದರು. ಅದನ್ನೂ ಗೋಡೆಯ ಹತ್ತಿರವೇ ಕೇಳುತ್ತಿದ್ದರು.

ತಪ್ಪು ತಿಳಿಯಬೇಡಿ, ತಲೆ ನೆಟ್ಟಗಿತ್ತು. ಎಪ್ಪತ್ತರ ದಶಕದಲ್ಲಿ ಅವರಿಗೆ ಮಲೇರಿಯಾ ತಡೆಯುವ ಕೆಲಸ. ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಿ "ಜ್ವರ ಉಂಟಾ?" ಎಂದು ಕೇಳುವುದು, ಜ್ವರ ಇದ್ದವರ ಬೆರಳು ಚುಚ್ಚಿ ಒಂದು ತೊಟ್ಟು ರಕ್ತವನ್ನು ಗಾಜಿನ ತುಂಡಿಗೆ ಹಚ್ಚುವುದು, ಗೋಡೆಯ ಮೇಲೆ ಎಳೆದ ಚೌಕಗಳ ಪಟ್ಟಿಯಲ್ಲೂ ತನ್ನ ಪುಸ್ತಕದಲ್ಲೂ, ಭೇಟಿಗೊಂದು ಚೌಕದಂತೆ, ಆ ದಿನದ ತಾರೀಕು ಹಾಕುವುದು. ಸರಕಾರ ಕೊಟ್ಟ ನಿಯಮ ಎರಡೇ. ತಾರೀಕು ಹಾಕಿ ಹದಿನೈದು ದಿನ ಆಗದಿದ್ದರೆ ಮುಂದಿನ ಮನೆಗೆ ಹೋಗು. ಆಗಿದ್ದರೆ ಜ್ವರ ಉಂಟಾ ಕೇಳು. ಸರಿ, ಚೌಕದಲ್ಲಿ ತಾರೀಕೇ ಇಲ್ಲದಿದ್ದರೆ? ಸರಕಾರಕ್ಕೆ ಈ ಪ್ರಶ್ನೆ ಹೊಳೆದಿರಲಿಲ್ಲ. ಮಾವನಿಗೆ ಹೊಳೆಯಿತು, ನಮ್ಮ ಗ್ರಹಚಾರ! ಮೂರನೆಯ ನಿಯಮವನ್ನು ತಾವೇ ಮಾಡಿಕೊಂಡರು. ತಾರೀಕು ಇಲ್ಲದಿದ್ದರೆ ಕೇಳುವುದೇ ಬೇಡ, ಮನೆಯಲ್ಲಿ ಇದ್ದವರಿಗೆಲ್ಲ ಚುಚ್ಚು!

ಒಮ್ಮೆ ನಮ್ಮ ನೆರೆಮನೆಯಲ್ಲಿ ಮದುವೆ. ಗೋಡೆಗೆಲ್ಲ ಹೊಸ ಸುಣ್ಣ ಬಳಿದಿದ್ದರು. ಊಟಕ್ಕೆಂದು ಬಂದ ಮಾವ ಅಭ್ಯಾಸಬಲದಿಂದ ಗೋಡೆ ನೋಡಿದರು. ಬೆಳ್ಳಗೆ! ಒಂದು ತಾರೀಕೂ ಇಲ್ಲ! ಚೀಲ ಬಿಚ್ಚಿಯೇಬಿಟ್ಟರು.

"ಎಂತ ಮಾರಾಯ್ರೆ ಇದು, ನಾವು ಗಂಡಿನ ಕಡೆಯವರು!"

"ಕಚ್ಚುವ ನುಸಿಗೆ ಗಂಡಿನ ಕಡೆ, ಹೆಣ್ಣಿನ ಕಡೆ ಅಂತ ಉಂಟಾ? ಬೆರಳು ಕೊಡಿ."

ಮದುಮಗ ಬೆರಳಿಗೆ ಹತ್ತಿ ಒತ್ತಿಕೊಂಡೇ ಮಂಟಪ ಏರಿದ. ಅಂದಿನಿಂದ ಊರಲ್ಲಿ ಎಲ್ಲರೂ ಆ ಚೌಕಗಳ ಪಟ್ಟಿಯನ್ನು ಬಿಟ್ಟು ಸುತ್ತ ಮಾತ್ರ ಸುಣ್ಣ ಬಳಿಯತೊಡಗಿದರು. ದೂರದ ನೆಂಟರೊಬ್ಬರು ಪ್ರತಿ ಮನೆಯಲ್ಲೂ ಅದೇ ಕೊಳಕು ಜಾಗ ಕಂಡು, "ಇದು ಯಾವ ಭೂತದ ಹರಕೆ?" ಎಂದು ಕೈಮುಗಿದು ಕೇಳಿದರಂತೆ!

ಅಮ್ಮ, ಮಾವ ಹುಟ್ಟಿ ಬೆಳೆದದ್ದೂ ಹೊಳೆಯಾಚೆಯ ನಮ್ಮ ಮನೆಯಲ್ಲೇ. ಅದರ ಜಗಲಿಯಲ್ಲಂತೂ ಅಂಥ ಪಟ್ಟಿ ಎರಡು. ಒಂದು ಮಾವನದು. ಇನ್ನೊಂದು ಯಾವುದೋ ಕಾಲದ್ದು, ಚೌಕಗಳೆಲ್ಲ ಭರ್ತಿಯಾಗಿದ್ದದ್ದು. ಅದಕ್ಕೂ ಸುಣ್ಣ ತಾಗಿಸಲು ಮಾವ ಬಿಡುತ್ತಿರಲಿಲ್ಲ. ಮನುಷ್ಯನಿಗೆ ಗೋಡೆಯ ಮೇಲೆ ಎಷ್ಟೊಂದು ಮೋಹ ಎಂದುಕೊಂಡಿದ್ದೆ. ನಾನೋ, ಕಾಲೇಜಿಗೆ ಹೋಗುವ ವಯಸ್ಸಾದರೂ ಅವರ ಕೆಮ್ಮು ಕೇಳಿದ ಕೂಡಲೇ ಕೊಟ್ಟಿಗೆಗೆ ಓಡಿ ಅಡಗುತ್ತಿದ್ದೆ. ನನ್ನ ಉಂಗುರದ ಬೆರಳಲ್ಲಿ ಉಂಗುರಕ್ಕೂ ಮೊದಲು ತೂತುಗಳಾಗಿದ್ದವು!

ಹೀಗಿರಲು ಮಾವನಿಗೆ ಬಡ್ತಿಯ ಯೋಗ ಬಂತು. ಹತ್ತು ವರ್ಷ ಕಾದದ್ದು. ದರ್ಬೆಯ ಕಚೇರಿಯಲ್ಲಿ ಮೀಟಿಂಗು. ಸಾಹೇಬರು ಎಲ್ಲರ ಪುಸ್ತಕ ಬಿಡಿಸಿದರು. ಉಳಿದವರದ್ದು ಭರ್ತಿಯೋ ಭರ್ತಿ! ನೆರೆ ಬಂದು ಹೊಳೆ ದಾಟುವ ಸಂಕ ಕೊಚ್ಚಿಹೋದ ದಿನವೂ ಅವರೆಲ್ಲ ಆಚೆ ದಡದ ಮನೆಗಳಿಗೆ ಹೋಗಿದ್ದರು. ಹಾರಿಕೊಂಡು ಹೋಗಿರಬೇಕು! ಮಾವನ ಪುಸ್ತಕದಲ್ಲಿ ಮಾತ್ರ ಒಂಬತ್ತು ಚೌಕ ಖಾಲಿ, ಹೊಳೆಯಾಚೆಯ ಒಂಬತ್ತು ಮನೆಗಳದ್ದು. ಮುಂದಿನ ಮಾತುಕತೆಯನ್ನು ಆಮೇಲೆ ನಮ್ಮ ಜಗಲಿಯಲ್ಲಿ ಮಾವನೇ ಅಮ್ಮನಿಗೆ ಒಪ್ಪಿಸಿದ್ದು.

"ಎಂತದು ಇದು, ಹಲ್ಲು ಉದುರಿದ ಬಾಯಿಯ ಹಾಗೆ? ಒಂದೊಂದು ತಾರೀಕು ಹಾಕಿ ಕೊಡಿ," ಎಂದರು ಸಾಹೇಬರು.

"ಹೊಳೆ ದಾಟ್ಲಿಕ್ಕೆ ಆಗ್ಲಿಲ್ಲ ಸಾರ್. ಹೋಗದೆ ಹೇಗೆ ಹಾಕುದು?"

ಗುಮಾಸ್ತರು ನಡುವೆ ಬಾಯಿ ಹಾಕಿದರು. "ಖಾಲಿ ಇದ್ದಲ್ಲಿ ಜ್ವರ ಸೊನ್ನೆ ಅಂತ ಬರೆದ್ರೆ ಮುಗೀತಲ್ಲ ಮಾರಾಯ್ರೆ."

"ಸೊನ್ನೆ ಅಂದ್ರೆ ಹೋಗಿ ನೋಡಿ ಬಂದದ್ದು. ಖಾಲಿ ಅಂದ್ರೆ ಹೋಗದ್ದು. ಎರಡೂ ಒಂದೇ ಆದ್ರೆ ನಾವೆಲ್ಲ ಎಂತಕ್ಕೆ?"

ಆ ಕಚೇರಿಯಲ್ಲಿ ಅಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸಾಹೇಬರು ಎಲ್ಲರಿಗೂ ಚಹಾ ತರಿಸಿದರು, ಮಾವನೊಬ್ಬರನ್ನು ಬಿಟ್ಟು. ಸೋಮವಾರದೊಳಗೆ ಪುಸ್ತಕ ಭರ್ತಿಯಾಗದಿದ್ದರೆ ಬಡ್ತಿ ಇನ್ನೊಬ್ಬರಿಗೆ ಎಂದೂ ಹೇಳಿದರು.

ಒಂಬತ್ತು ತಾರೀಕು ಗೀಚಲು ಎಷ್ಟು ಹೊತ್ತು ಬೇಕು? ಲೋಟದ ಕಾಫಿ ಆರುವಷ್ಟು ಸಾಕು. ಮಾವ ಏನು ಮಾಡಿದರು ಗೊತ್ತೇ? ಚೀಲ ಹೆಗಲಿಗೇರಿಸಿ ಒಂಬತ್ತು ಮನೆಗೂ ನಡೆದರು! ಎಲ್ಲರ ಬೆರಳು ಚುಚ್ಚಿ, ಖಾಲಿ ಚೌಕವನ್ನು ಖಾಲಿಯೇ ಬಿಟ್ಟು, ಅದರ ಪಕ್ಕದ್ದರಲ್ಲಿ ಅಂದಿನ ತಾರೀಕು ಹಾಕಿದರು. ಕೊನೆಯ ಮನೆಗೆ, ಅಂದರೆ ನಮ್ಮ ಮನೆಗೆ, ಬಂದು ಮುಟ್ಟುವಾಗ ಸೋಮವಾರವಾಗಿತ್ತು. ಬಡ್ತಿ ಅಷ್ಟರಲ್ಲಿ ದರ್ಬೆಯಲ್ಲೇ ಬೇರೆಯವರ ಹೆಗಲೇರಿತ್ತು.

ಮಾವ ಹೇಳಿದ್ದನ್ನೆಲ್ಲ ಕೇಳಿ ಅಮ್ಮ ಒಳಗೆ ಬಂದರು, ಒಳಗಿದ್ದ ನನಗೆ ನಗು ತಡೆಯಲಾಗಲಿಲ್ಲ. "ಕೈಗೆ ಬಂದ ಬಡ್ತಿಯನ್ನು ಹೊಳೆಗೆ ಹಾಕಿದ್ರಲ್ಲ ಅಮ್ಮ, ಮಾವನಿಗೆ ಮರುಳಾ?"

ಅಮ್ಮ ನಗಲಿಲ್ಲ.

"ಜಗಲಿಯ ಆ ಹಳೇ ಪಟ್ಟಿ ನೋಡಿದ್ದೀಯಲ್ಲ. ನಮಗೊಬ್ಬಳು ತಂಗಿ ಇದ್ಳು. ಹನ್ನೊಂದು ವರ್ಷ. ಜ್ವರ ಬಂತು, ಮಲೇರಿಯಾದವರು ಬರ್ತಾರೆ, ಬರ್ತಾರೆ ಅಂತ ಕಾದೆವು. ಯಾರೂ ಬರ್ಲಿಲ್ಲ. ಅವಳು ಹೋದ ಮೇಲೆ ಒಬ್ಬ ಬಂದ. ಬಾರದ ದಿನಗಳದ್ದೂ ಸೇರಿಸಿ ತಾರೀಕು ಹಾಕಿ ಹೋದ. ನಿನ್ನ ಮಾವ ಪಕ್ಕದಲ್ಲೇ ನಿಂತು ನೋಡಿದ್ದಾನೆ. ಒಂದೂ ಖಾಲಿ ಇಲ್ಲ, ನೋಡು ಹೋಗಿ."

ಹೋಗಿ ನೋಡಿದೆ. ಒಂದೂ ಖಾಲಿ ಇರಲಿಲ್ಲ. ಇಷ್ಟು ವರ್ಷ ನಕ್ಕದ್ದಕ್ಕೆಲ್ಲ ಆ ಕ್ಷಣ ನಾಚಿಕೆಯಾಯಿತು, ಅಳುವೂ ಬಂತು. ಮಾವ ಪಕ್ಕದಲ್ಲೇ ತಮ್ಮ ಪಟ್ಟಿಗೆ ಮೂಗು ತಾಗಿಸಿ ನಿಂತಿದ್ದರು, ಮೊಣಕಾಲವರೆಗೆ ಕೆಸರು. ನಾನು ಕೊಟ್ಟಿಗೆಗೆ ಓಡಲಿಲ್ಲ. ಬೆರಳು ಚಾಚಿದೆ.

ಮಾವ ಗೋಡೆಯಿಂದ ತಿರುಗಿ, ನನಗೆ ಬುದ್ಧಿ ಬಂದ ಮೇಲೆ ಮೊದಲ ಸಲ, ನನ್ನ ಮುಖ ನೋಡಿದರು. ಖಾಲಿ ಚೌಕದ ಮನೆಯಲ್ಲಿ ಕೇಳುವುದಿಲ್ಲ ಎಂಬ ತಮ್ಮದೇ ನಿಯಮವನ್ನು ಮುರಿದು ಕೇಳಿದರು.

"ನಿಂಗೆ ಜ್ವರ ಇಲ್ಲ ಅಲ್ವಾ ಮಗಾ?"

"ಇಲ್ಲ ಮಾವ," ಎಂದೆ. "ಆದ್ರೂ ಚುಚ್ಚಿ."