ಗಂಟಲಲ್ಲಿ ಸಿಕ್ಕ ಹಕ್ಕು

ಶ್ರಾವಣ ಸೋಮವಾರದ ಮಟಮಟ ಮಧ್ಯಾಹ್ನ, ಬಾಳೆಗುಳಿಯ ಖಾನಾವಳಿಯೊಂದರ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಹೆಲ್ಮೆಟ್ ಹಾಕಿಕೊಂಡೇ ತಾರ್ಲೆ ಮೀನಿನ ಸಾರು ಉಣ್ಣುತ್ತಿದ್ದವನು ಕೇಣಿಯ ಸತೀಶ.

ಶ್ರಾವಣದಲ್ಲಿ ಮೀನು ಮುಟ್ಟಬಾರದೆಂಬುದು ಅವನ ಹೆಂಡತಿ ಸುಗಂಧಾಳ ನೇಮ. ಹೋದ ವರ್ಷ ಅವನ ಅಂಗಿಯ ಕಿಸೆಯಲ್ಲಿ ಒಣ ಸಿಗಡಿಯ ಮೀಸೆಯೊಂದು ಸಿಕ್ಕಿದ್ದಕ್ಕೆ ಚೌತಿಯವರೆಗೂ ಮಾತು ಬಿಟ್ಟಿದ್ದಳು. ಈ ಸಲ ಮೊದಲೇ ಹೇಳಿಟ್ಟಿದ್ದಳು: "ಮತ್ತೆ ಸಿಕ್ಕಿಬಿದ್ರೆ ನೋಡಿ, ಬರೂ ವರ್ಷದ ಶ್ರಾವಣದವರಿಗೂ ಈ ಮನೆ ಒಲೆ ಮೇಲೆ ಮೀನು ಹತ್ತೂದಿಲ್ಲ." ಕೇಣಿಯಲ್ಲಿ ಹುಟ್ಟಿ, ದಿನಾ ಕಡಲ ಗಾಳಿ ಕುಡಿಯುತ್ತ, ವರ್ಷಪೂರ್ತಿ ತೊಂಡೆಕಾಯಿ ತಿನ್ನುವುದೆಂದರೆ ಕಡಿಮೆ ಶಿಕ್ಷೆಯೇ? ಆದ್ದರಿಂದಲೇ "ಶಿವನ ಗುಡಿಗೆ ಹೋಗಿ ಬತ್ತೆ" ಎಂದು ಹೇಳಿ ಬಂದು, ಸ್ಕೂಟರನ್ನು ಹಿತ್ತಿಲಿನ ತೆಂಗಿನ ಮಡಲುಗಳ ಹಿಂದೆ ಅಡಗಿಸಿ, ಊಟದ ದುಡ್ಡನ್ನೂ ಮೊದಲೇ ಕೊಟ್ಟು, ಎಲ್ಲ ಜಾಗ್ರತೆ ಮಾಡಿಯೇ ಅವನು ಎಲೆಯ ಮುಂದೆ ಕೂತಿದ್ದ.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ದನಿ ಕೇಳಿತು. "ಒಳಗೆ ಕೇಣಿ ಬದಿಯವ್ರು ಯಾರಾದ್ರೂ ಬಂದಾರನಾ?"

ರಾಮನಾಥ ಭಾವನ ದನಿ! ಸುಗಂಧಾಳ ಅಣ್ಣ, ಭಜನಾ ಮಂಡಳಿಯ ಮುಖ್ಯಸ್ಥ. ತಂಗಿ ಹೇಳಿ ಕಳಿಸಿ ತನ್ನನ್ನೇ ಹುಡುಕಲು ಬಂದಿದ್ದಾನೆ ಎಂದುಕೊಂಡ ಸತೀಶ ಬಾಯಲ್ಲಿದ್ದ ತುತ್ತನ್ನು ಅಗಿಯದೆ ನುಂಗಿದ. ಮುಳ್ಳೊಂದು ಗಂಟಲಲ್ಲಿ ಅಡ್ಡ ಕೂತಿತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಂಬಾಗಿಲಿನಿಂದ ಹಾರಿದ. ಬಾಗಿಲ ಬುಡದಲ್ಲೇ ತನ್ನದರಂಥದೇ ಬೂದು ಬಣ್ಣದ ಸ್ಕೂಟರು, ಊರ ರೂಢಿಯಂತೆ ಕೀಲಿ ಅದರಲ್ಲೇ ನೇತಾಡುತ್ತಿತ್ತು. ತನ್ನ ಗಾಡಿಯನ್ನು ಎಷ್ಟು ಚೆನ್ನಾಗಿ ಅಡಗಿಸಿದ್ದನೆಂದರೆ, ಅಡಗಿಸಿದ್ದು ಅವನಿಗೇ ಮರೆತುಹೋಗಿತ್ತು. ಹತ್ತಿದ, ಓಡಿಸಿದ.

ಅಂಕೋಲೆ ಪೇಟೆ ಮುಟ್ಟುವುದರೊಳಗೆ ಹೆಡ್ ಕಾನ್‌ಸ್ಟೇಬಲ್ ಮಂಜುನಾಥ ಅಡ್ಡ ಕೈ ಹಿಡಿದ. "ಇಳೀರಾ. ಈ ಗಾಡಿ ಕಳುವಾಗದೆ ಅಂತ ಈಗಷ್ಟೇ ಫೋನ್ ಬಂತು."

ಠಾಣೆಯಲ್ಲಿ ಹೊಸ ಸಬ್ ಇನ್ಸ್‌ಪೆಕ್ಟರ್ ನಮಿತಾ ಮೇಡಂ ಕೂತಿದ್ದರು. ಬಯಲುಸೀಮೆಯವರು. ಬಂಧಿತರ ಹಕ್ಕುಗಳ ಬಗ್ಗೆ ತರಬೇತಿ ಮುಗಿಸಿ ನಿನ್ನೆಯಷ್ಟೇ ಮರಳಿದ್ದರು. ಹೊಸ ಕತ್ತಿ ಸಿಕ್ಕವರು ಕಾಯಿ ಹುಡುಕುವ ಹಾಗೆ, ಹಕ್ಕು ಕೊಡಲು ಒಬ್ಬ ಆರೋಪಿ ಸಿಕ್ಕಾನೆಯೇ ಎಂದು ಬೆಳಿಗ್ಗೆಯಿಂದ ಬಾಗಿಲನ್ನೇ ನೋಡುತ್ತಿದ್ದರು.

"ಕೂತ್ಕೊಳ್ಳಿ. ದಸ್ತಗಿರಿ ಇನ್ನೂ ಮಾಡಿಲ್ಲ. ಆದ್ರೂ ಠಾಣೆಗೆ ಕರ್ಕೊಂಡು ಬಂದ ಮೇಲೆ ಹಕ್ಕು ಹಕ್ಕೇ. ಯಾಕೆ ಕರ್ಕೊಂಡು ಬಂದ್ವಿ ಅಂತ ತಿಳ್ಕೊಳ್ಳೋದು ಮೊದಲನೇ ಹಕ್ಕು. ಹೊರಗಿರೋ ಗಾಡಿ ನಿಮ್ದಾ? ನಂಬರ್ ನೋಡಿ ಹೇಳಿ."

ಸತೀಶ ಕಿಟಕಿಯಿಂದ ಇಣುಕಿದ. ಅವನದಲ್ಲ. ಎಲ್ಲೋ ನೋಡಿದ ನಂಬರಿನ ಹಾಗಿತ್ತು, ಆದರೆ ಆ ಗಾಬರಿಯಲ್ಲಿ ಸ್ವಂತ ಹೆಸರು ನೆನಪಾಗುವುದೂ ಕಷ್ಟವಿತ್ತು.

"ಎಲ್ಲಿಂದ ತಗೊಂಡು ಬಂದ್ರಿ?"

ಸತೀಶ ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿದ.

"ಹೇಳ್ಲೇಬೇಕು ಅಂತಿಲ್ಲ. ನಿಮ್ಮ ಮೇಲೆ ನೀವೇ ಸಾಕ್ಷಿ ಹೇಳ್ಬೇಕಾಗಿಲ್ಲ. ಸುಮ್ನಿರೋದು ನಿಮ್ಮ ಹಕ್ಕು."

ಆಹಾ, ಎಂಥ ಹಕ್ಕು! ಮದುವೆಯಾದಾಗಿನಿಂದ ಅದನ್ನು ಅವನಿಗೆ ಕೊಟ್ಟವರಿಲ್ಲ. ಮನೆಯಲ್ಲಿ ಸುಮ್ಮನಿದ್ದರೆ "ಬಾಯಲ್ಲಿ ಎಂತ ಗೆಣಸು ಇಟ್ಕಂಡೀರಾ?" ಎಂಬ ಪ್ರಶ್ನೆ ಬರುತ್ತಿತ್ತು. ಈ ಕಾನೂನು ಮಾಡಿದವನಿಗೆ ಅವನು ಮನಸ್ಸಿನಲ್ಲೇ ಕೈಮುಗಿದ.

"ಇನ್ನೊಂದು. ನೀವು ಇಲ್ಲಿರೋದನ್ನ ನಿಮ್ಮವರಿಗೆ ತಿಳಿಸ್ಬೇಕು. ಹೆಂಡ್ತಿ ನಂಬರ್ ಹೇಳಿ."

ಕೈಮುಗಿದದ್ದು ವ್ಯರ್ಥವಾಯಿತು. "ಮೇಡಂ, ಆ ಹಕ್ಕು ನಂಗೆ ಬ್ಯಾಡ."

"ಬೇಡ ಅಂದ್ರೆ ಹೇಗೆ?"

"ಬೇಕಾದ್ರೆ ಕೈಗೆ ಕೋಳ ಹಾಕಿ. ಅವಳಿಗೊಂದು ಹೇಳಬ್ಯಾಡಿ."

"ಕೋಳ ಹಾಕೋ ಹಾಗಿಲ್ಲ."

"ಲಾಕಪ್ಪಿಗೆ ಹಾಕಿ ಮೇಡಂ, ಆರು ತಿಂಗಳು!"

"ಇಪ್ಪತ್ನಾಲ್ಕು ಗಂಟೆ ಮೀರಿ ನಾವು ಇಟ್ಕೊಳ್ಳೋ ಹಾಗೇ ಇಲ್ಲ. ಹೆಂಡ್ತಿ ಬೇಡ ಅಂದ್ರೆ ಸ್ನೇಹಿತರು ಆಗ್ಬಹುದು. ಯಾರಾದ್ರೂ ಒಬ್ರ ಹೆಸರು ಹೇಳಿ."

ದೂರದ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದ ಗೆಳೆಯ ವಿಕಾಸನ ಹೆಸರು ಹೇಳಿದ. ಅಲ್ಲಿಂದ ಸುದ್ದಿ ಕೇಣಿ ಮುಟ್ಟುವುದು ಹೇಗೆ? ಮೇಡಂ ಫೋನು ಮಾಡಿದರು. ವಿಕಾಸ ಬಹಳ ಒಳ್ಳೆಯ ಗೆಳೆಯ. ಮೇಡಂ ಫೋನು ಇಟ್ಟ ಕೂಡಲೇ ಗಾಬರಿಯಿಂದ ಅವನು ಮಾಡಿದ ಮೊದಲ ಕೆಲಸ ಸುಗಂಧಾಳಿಗೆ ಫೋನು ಮಾಡಿದ್ದು.

ಇತ್ತ ಮುಳ್ಳು ಚುಚ್ಚತೊಡಗಿತು. ಸತೀಶ ಕ್ಯಾಕರಿಸಿದ, ಕೆಮ್ಮಿದ, ಕಣ್ಣಲ್ಲಿ ನೀರು ತಂದುಕೊಂಡ. ಮೇಡಂ ಎದ್ದು ನಿಂತರು. "ಅಯ್ಯೋ, ಆಮೇಲೆ ನಾವು ಹೊಡೆದ್ವಿ ಅಂತಾರೆ! ವೈದ್ಯಕೀಯ ತಪಾಸಣೆ ನಿಮ್ಮ ಹಕ್ಕು. ಡಾಕ್ಟರಿಗೆ ಗಂಟಲು ತೋರಿಸಿಬಿಡೋಣ."

"ಬ್ಯಾಡ ಮೇಡಂ! ನಂಗೆ ಒಂದು ಬಾಳೆಹಣ್ಣು ಕೊಡಿ, ಸಾಕು."

ಮಂಜುನಾಥ ತನ್ನ ಡಬ್ಬಿಯಿಂದ ಹಣ್ಣು ತೆಗೆದುಕೊಟ್ಟ. ಸತೀಶ ಅದನ್ನು ಅಗಿಯದೆ ಇಡಿಯಾಗಿ ನುಂಗಿ ಮುಳ್ಳು ಇಳಿಸಿಕೊಂಡ. ಮೇಡಂ ಅದನ್ನು ಹಸಿವೆಂದು ತಿಳಿದು ಮರುಗಿದರು. ಮಂಜುನಾಥ ಮಾತ್ರ ಕರಾವಳಿಯ ಮನುಷ್ಯ. ಬಗ್ಗಿ ಕಿವಿಯಲ್ಲಿ ಕೇಳಿದ, "ಎಂತ ಮೀನ್ರಾ?"

"ತಾರ್ಲೆ," ಎಂದು ಸತೀಶ ಉಸುರಿದ.

"ಶ್ರಾವಣದಾಗೆ! ನಿಮ್ಮನೆಯವ್ರಿಗೆ ಗೊತ್ತಾದ್ರೆ ಗಾಡಿ ಕದ್ದದ್ದೇ ಬೆಸ್ಟ್ ಇತ್ತು ಅನಸ್ತದೆ ತಗಳಿ."

ಅದೇ ಹೊತ್ತಿಗೆ ದೂರು ಕೊಟ್ಟವನು ಏದುಸಿರು ಬಿಡುತ್ತ ಒಳಗೆ ಬಂದ. ರಾಮನಾಥ ಭಾವ! ಹಣೆಯಲ್ಲಿ ವಿಭೂತಿ, ಮೀಸೆಯ ತುದಿಯಲ್ಲಿ ಸಣ್ಣದೊಂದು ಕೆಂಪು ಮಸಾಲೆಯ ಚುಕ್ಕೆ.

"ಗಾಡಿ ಎಲ್ಲಿ ನಿಲ್ಲಿಸಿದ್ರಿ?" ಮೇಡಂ ಕೇಳಿದರು.

"ಶಿವನ ಗುಡಿ ಎದುರಿಗೆ. ಭಕ್ತಿಯಿಂದ ಕಣ್ಣು ಮುಚ್ಚಿ ತೆಗೆಯೂದ್ರೊಳಗೆ ಮಾಯ!"

ಸತೀಶ ತಲೆ ಎತ್ತಿದ. ಗುಡಿ ಎದುರಿಗೋ? ಖಾನಾವಳಿಯ ಹಿಂಬಾಗಿಲಲ್ಲಿದ್ದ ಗಾಡಿ! ಹಾಗಾದರೆ ಭಾವ ಬಾಗಿಲಲ್ಲಿ ನಿಂತು ಕೇಳಿದ್ದು ತನ್ನನ್ನು ಹುಡುಕುವುದಕ್ಕಲ್ಲ, ಪರಿಚಯದವರಿಲ್ಲದಿದ್ದರೆ ಒಳಗೆ ಕೂತು ಉಣ್ಣುವುದಕ್ಕೆ. ಗಾಡಿ ಹೋಯಿತೆಂದು ಫೋನು ಮಾಡಿದ ಮೇಲೂ ಊಟ ಮುಗಿಸಿಯೇ ಬಂದಿದ್ದಾನೆ. ಸತೀಶ ತನ್ನ ಮೀಸೆಯ ತುದಿ ಮುಟ್ಟಿಕೊಂಡು ಭಾವನಿಗೆ ಸನ್ನೆ ಮಾಡಿದ. ಭಾವನಿಗೂ ಸತೀಶನ ಪ್ಯಾಂಟಿನ ಮೇಲಿನ ಸಾರಿನ ಕಲೆ ಕಂಡಿತು. ಮೀಸೆ ಒರೆಸಿಕೊಂಡ ಭಾವನ ದನಿ ಬೆಣ್ಣೆಯಾಯಿತು.

"ಅಯ್ಯಯ್ಯ, ನಮ್ಮ ಸತೀಶನಾ! ನೀನೂ ಗುಡಿಗೆ ಬಂದಿದ್ಯಾ ಮಾರಾಯಾ?"

"ಹೌದು ಭಾವ. ಗುಡಿಯಿಂದ್ಲೇ ತಪ್ಪಿ ನಿಮ್ಮ ಗಾಡಿ ತಂದೆ. ಎರಡೂ ಒಂದೇ ಬಣ್ಣ ಅಲ್ವಾ."

"ಮೇಡಂ, ಇಂವ ನನ್ನ ತಂಗಿ ಗಂಡ. ದೇವರಂಥವ. ದೂರು ಗೀರು ಎಂತದೂ ಇಲ್ಲ."

ಮೇಡಂಗೆ ತುಸು ಬೇಸರವಾಯಿತು. ಹೇಳಬೇಕಾದ ಹಕ್ಕುಗಳು ಇನ್ನೂ ಬಾಕಿ ಇದ್ದವು. ಆದರೂ ನಕ್ಕು ಇಬ್ಬರನ್ನೂ ಬಿಟ್ಟು ಕಳಿಸಿದರು. ಭಾವ ಮೈದುನರು ಹೆಗಲ ಮೇಲೆ ಕೈ ಹಾಕಿಕೊಂಡು ಮೆಟ್ಟಿಲಿಳಿದರು. ಶ್ರಾವಣ ಮುಗಿಯಲು ಇನ್ನೆಷ್ಟು ದಿನ? ಚೌತಿ ಕಳೆದರೆ ಬಂಗಡೆ, ಸಿಗಡಿ, ಎಲ್ಲ ರಾಜಾರೋಷವಾಗಿ!

ಎದುರಿಗೆ ರಿಕ್ಷಾ ನಿಂತಿತು. ಸುಗಂಧಾ ಇಳಿದಳು, ಜೊತೆಗೆ ಪಕ್ಕದ ಮನೆಯ ದೇವಕಿಯಕ್ಕ. ಸುಗಂಧಾಳ ಕಣ್ಣು ಅತ್ತು ಅತ್ತು ಕೆಂಪಾಗಿತ್ತು.

"ನಿಮಗೆ ಎಂತೂ ಮಾಡಲಿಲ್ವನ್ರಾ? ಹೊಡೆಯಲಿಲ್ವಾ?"

"ಎಂತೂ ಇಲ್ಲ ಮಾರಾಯ್ತಿ. ಗುಡಿ ಎದುರಿಗೆ ಗಾಡಿ ಅದಲು ಬದಲಾಯ್ತು. ಬೇಕಾದ್ರೆ ನಿನ್ನ ಅಣ್ಣನ್ನ ಕೇಳು."

"ಹೌದು ತಂಗಿ," ಎಂದ ಭಾವ. ಅವನ ಮುಖದ ಮೇಲಿನ ಭಕ್ತಿಗೆ ಆರತಿ ಎತ್ತಬಹುದಿತ್ತು.

ಸುಗಂಧಾ ಸೆರಗಿನಿಂದ ಕಣ್ಣೊರೆಸಿಕೊಂಡು ಕೈಮುಗಿದಳು. "ನಾ ಹೊತ್ತ ಹರಕೆ ಫಲಿಸ್ತು."

"ಎಂತ ಹರಕೆ?" ಸತೀಶನ ಗಂಟಲಿನಿಂದ ಇಳಿದುಹೋಗಿದ್ದ ಮುಳ್ಳು ಮತ್ತೆ ಎದ್ದ ಹಾಗಾಯಿತು.

ದೇವಕಿಯಕ್ಕನೇ ಉತ್ತರ ಕೊಟ್ಟಳು. "ವಿಕಾಸನ ಫೋನ್ ಬಂದದ್ದೇ ತಡ, ದೇವ್ರ ಮುಂದೆ ಕೂತಳು ನೋಡು. ಗಂಡ ಸುಖರೂಪ ಮನೆ ಮುಟ್ಟಿದ್ರೆ ಬರೂ ವರ್ಷದ ಶ್ರಾವಣದವರಿಗೂ ಮನೆಯಾಗೆ ಯಾರೂ ಮೀನು ಮುಟ್ಟೂದಿಲ್ಲ ಅಂತ. ನಾನೇ ಸಾಕ್ಷಿ!"

"ಅಣ್ಣಾ, ನಿನ್ನ ಹೆಸ್ರೂ ಸೇರಿಸೀದೆ," ಎಂದಳು ಸುಗಂಧಾ ಪ್ರೀತಿಯಿಂದ. "ನಿನ್ನ ಗಾಡಿ ಕಳುವಾದದ್ದೂ ಅತ್ತಿಗೆ ಫೋನ್ ಮಾಡಿ ಹೇಳಿದ್ಲು, ಅದೂ ಸಿಗ್ಲಿ ಅಂತ."

ಭಾವನ ಕೈ ತನ್ನಷ್ಟಕ್ಕೇ ಮೀಸೆಯ ತುದಿಗೆ ಹೋಯಿತು. ಸತೀಶ ಲೆಕ್ಕ ಹಾಕಿದ. ಮನೆ ಮುಟ್ಟಿದರೆ ತಾನೇ ಹರಕೆ? ಇನ್ನೂ ಮುಟ್ಟಿಲ್ಲವಲ್ಲ! ಸರಸರ ತಿರುಗಿ ಮೆಟ್ಟಿಲು ಹತ್ತಿದ.

"ಮೇಡಂ, ಇಪ್ಪತ್ನಾಲ್ಕು ತಾಸು ಇಟ್ಕಳ್ಳೂಕೆ ಬತ್ತದೆ ಅಂದಿದ್ರಲ್ಲ. ಒಳಗಿದ್ದವ್ರಿಗೆ ಊಟಕ್ಕೆ ಎಂತ ಕೊಡ್ತ್ರಿ?"

ಮೇಡಂಗೆ ಅರ್ಥವಾಗಲಿಲ್ಲ. ಮಂಜುನಾಥನೇ ಊಟದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ.

"ಶ್ರಾವಣ ಮಾರಾಯಾ. ಇಲ್ಲೂ ತೊಂಡೆಕಾಯೇ."